ಸೋದರತ್ತೆ ಕೇಳಿಯೇ ಕೇಳಿದ್ದಳು

ಬಾಯಿ ಬಿಡಲೇಬೇಕಾದ ದಿನವೇ ನೋಡಿ, ಮೈಕಣ್ಣನ ಲ್ಯಾಪ್‌ಟಾಪು ಹಟ ಹಿಡಿದು ಕೂತುಬಿಟ್ಟಿತು. ಬೆಳಿಗ್ಗೆ ಮುಖ ತೊಳೆದು ಬಂದವನು ಎಂದಿನಂತೆ ಅದರ ಮುಂದೆ ಕೂತು "ಟೀ ಆಯ್ತೇನೇ?" ಅಂತ ಟೈಪ್ ಮಾಡಿದ. ದನಿ ಬರಲಿಲ್ಲ. ಇನ್ನೊಮ್ಮೆ ಒತ್ತಿದ. ಪರದೆಯ ಮೇಲೆ ಏನೋ ಕೆಂಪಗೆ ಮಿಂಚಿ ಮಾಯವಾಯಿತು, ಅಷ್ಟೇ. ಅವನು ಚಪ್ಪಾಳೆ ತಟ್ಟಿದ. ಆ ಮನೆಯಲ್ಲಿ ಚಪ್ಪಾಳೆ ಅಂದರೆ ತಂಗಿಯನ್ನು ಕರೆಯುವುದು. ಒಂದು ಸಲ ತಟ್ಟಿದರೆ ಬಾ ಅಂತ, ಬಿಡದೆ ತಟ್ಟಿದರೆ ಓಡಿ ಬಾ ಅಂತ. ಅವತ್ತು ಬಿಡದೆ ತಟ್ಟಿದ.

ಓಡಿ ಬಂದವಳು ಟೈಲರಮ್ಮ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಪೆಟ್ಟಿಗೆ, ಬಟ್ಟೆ ಕತ್ತರಿಸೋ ಉದ್ದ ಮೇಜು, ಆ ಮೇಜಿನ ಕೊನೆಯಲ್ಲಿ ಅಣ್ಣನ ಲ್ಯಾಪ್‌ಟಾಪು. ಹಳೇ ಬಟ್ಟೆ ಸರಿ ಮಾಡಿಕೊಡೋದರಲ್ಲಿ ಅವಳದು ಎತ್ತಿದ ಕೈ. ಆದರೆ ಬಾಯಿ ಮಾತ್ರ, ಕೇಳಬೇಡಿ. ಪ್ಯಾಂಟಿನ ಉದ್ದ ಕಮ್ಮಿ ಮಾಡಿಸೋಕೆ ಹೋದವನು ತನ್ನ ನಡಿಗೆ ಸರಿಯಿಲ್ಲ ಅಂತ ಬೈಸಿಕೊಂಡೇ ಬರಬೇಕು. "ನೀವು ಕಾಲೆಳೆದು ನಡೆದರೆ ಬಟ್ಟೆ ಏನು ಮಾಡತ್ತೆ ಸ್ವಾಮಿ? ನಿಂತ್ಕೊಳ್ಳಿ ನೆಟ್ಟಗೆ!" ಅಂತ ಗದರಿಸಿ, ಕನ್ನಡಿ ಮುಂದೆ ನಿಲ್ಲಿಸಿ, ಇಷ್ಟೇ ಸಾಕಾ, ಇನ್ನೂ ಮಡಿಸಬೇಕಾ, ಆಮೇಲೆ ಅಯ್ಯೋ ಅನ್ನಬಾರದು ಅಂತ ಗಿರಾಕಿಯ ಬಾಯಿಂದಲೇ ಹೂಂ ಅನ್ನಿಸದೆ ಅವಳು ಕತ್ತರಿ ಮುಟ್ಟುವವಳಲ್ಲ.

"ಏನ್ ಮಾಡಿದೆ ನಿನ್ನೆ?" ಅಂದಳು ಬಂದವಳೇ. ಗುಣ ಗೊತ್ತಿದ್ದವರು ಕೇಳೋದೇ ಹಾಗೆ. ಏನಾಯ್ತು ಅಂತ ಕೇಳೋದಿಲ್ಲ.

ಮೈಕಣ್ಣ ಪಕ್ಕದಲ್ಲಿದ್ದ ಸ್ಲೇಟು ಎತ್ತಿಕೊಂಡು ಬರೆದ: "ನಾನೇನೂ ಮಾಡಿಲ್ಲ." ತಂಗಿ ದುರುಗುಟ್ಟಿ ನೋಡಿದಳು. ಅವನು ಅಂಗೈಯಲ್ಲಿ ಒರೆಸಿ ಮತ್ತೆ ಬರೆದ: "ಅಪ್‌ಡೇಟ್ ಮಾಡಿದೆ. ಮನೆಗೆ ಬರೋ ಬಸ್ ಬಂತು. ಅರ್ಧಕ್ಕೆ ಮುಚ್ಚಿ ಬಂದೆ."

"ಅಯ್ಯೋ ನಿನ್ನ! ಇವತ್ತಿನಂಥ ದಿನ ಇಟ್ಕೊಂಡು ನಿನ್ನೆ ಅದಕ್ಕೆ ಕೈ ಹಾಕಿದ್ಯಾ?" ಅಂತ ಹಣೆ ಚಚ್ಚಿಕೊಂಡಳು.

ಇವತ್ತಿನ ದಿನ ಎಂಥದ್ದು ಅಂತ ಮೊದಲು ಹೇಳಿಬಿಡ್ತೀನಿ, ಇಲ್ಲದಿದ್ದರೆ ಅವಳ ಸಿಟ್ಟು ನಿಮಗೆ ಅರ್ಥವಾಗೋದಿಲ್ಲ. ಮೈಕಣ್ಣ ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಬಸ್ ಕೂಗುವವನು. ಯಾವ ಬಸ್ಸು ಯಾವ ಅಂಕಣಕ್ಕೆ ಬಂತು, ಯಾವುದು ತಡ, ಯಾರ ಮಗು ಕೈ ತಪ್ಪಿ ಎಲ್ಲಿ ಅಳುತ್ತಾ ನಿಂತಿದೆ, ಎಲ್ಲಾ ಅವನ ಬಾಯಿಂದಲೇ ಜನಕ್ಕೆ ತಿಳಿಯಬೇಕು. ಒಳ್ಳೇ ತುಂಬು ಕಂಠ. ಅಡ್ಡಹೆಸರು ಬಿದ್ದದ್ದೂ ಅದಕ್ಕೇ. ಆ ಗಂಟಲಲ್ಲೇ ಹುಣ್ಣಾಯಿತು, ಡಾಕ್ಟರು ಕೆಟ್ಟ ಹುಣ್ಣು ಅಂದರು, ಜೀವ ಬೇಕಾ ದನಿ ಬೇಕಾ ಅನ್ನೋ ಹಂತಕ್ಕೆ ಬಂತು. ಜೀವ ಇಟ್ಟುಕೊಂಡ.

ಆದರೆ ಆಪರೇಷನ್ನಿಗೆ ಹೋಗುವ ಮುಂಚೆ, ಆಗ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಕಂಪ್ಯೂಟರ್ ಮೇಷ್ಟ್ರು ಒಂದು ಪುಣ್ಯದ ಕೆಲಸ ಮಾಡಿದರು. ಮೈಕಣ್ಣನನ್ನು ಕೂರಿಸಿ, ಹೊರಗಿನ ಸದ್ದು ಬಾರದ ಹಾಗೆ ಕಿಟಕಿಗೆ ಹಾಸಿಗೆ ಒಡ್ಡಿ, ರಾಶಿ ರಾಶಿ ವಾಕ್ಯ ಓದಿಸಿ ರೆಕಾರ್ಡು ಮಾಡಿಕೊಂಡರು. ಅದರಿಂದ ಅವನದೇ ದನಿಯ ಒಂದು ಫೈಲು ಕಟ್ಟಿಕೊಟ್ಟರು. ಅವನು ಏನು ಟೈಪ್ ಮಾಡಿದರೂ ಲ್ಯಾಪ್‌ಟಾಪು ಅವನದೇ ದನಿಯಲ್ಲಿ ಹೇಳುತ್ತಿತ್ತು. ಉಸಿರು ಎಳೆದುಕೊಳ್ಳೋದು ಒಂದು ಇರಲಿಲ್ಲ, ಉಳಿದದ್ದೆಲ್ಲ ಅವನೇ. ಆಸ್ಪತ್ರೆಯಿಂದ ಬಂದು ಮತ್ತೆ ಮೈಕಿನ ಮುಂದೆ ಕೂತಾಗ ಎಷ್ಟೋ ಪ್ರಯಾಣಿಕರಿಗೆ ನಡುವೆ ಏನೋ ಆಗಿದೆ ಅನ್ನೋದೇ ಗೊತ್ತಾಗಲಿಲ್ಲ. ಆ ದನಿ ಕೇಳಿ ಟೈಲರಮ್ಮ ನಿಲ್ದಾಣದ ಕಂಬಕ್ಕೆ ಒರಗಿಕೊಂಡು ಗೊಳೋ ಅಂತ ಅತ್ತಿದ್ದಳು.

ಈಗ ಬಂತಲ್ಲ ಕಂಟಕ. ಹೆಡ್ ಆಫೀಸಿನವರು ಎಲ್ಲಾ ನಿಲ್ದಾಣಗಳಿಗೂ ತಾನೇ ಬಸ್ ಕೂಗುವ ಯಂತ್ರ ತರಿಸಿದ್ದರು. ಅಲ್ಲಿನ ದೊಡ್ಡ ಸಾಹೇಬರ ಪ್ರಶ್ನೆ ನೇರವಾಗಿತ್ತು: ನಿಮ್ಮ ಮೈಕಣ್ಣನೂ ಕಂಪ್ಯೂಟರಿನಿಂದಲೇ ಮಾತಾಡೋದು, ಇದೂ ಕಂಪ್ಯೂಟರೇ, ಮತ್ತೆ ಅಲ್ಲಿ ಮನುಷ್ಯ ಯಾಕೆ? ನಿಲ್ದಾಣದ ಮ್ಯಾನೇಜರು ಪಟ್ಟು ಬಿಡಲಿಲ್ಲ. "ಸರ್, ಒಂದೇ ಒಂದು ಸಲ ಬಂದು ಕೇಳಿ. ಅದು ಅವನದೇ ದನಿ. ಇಲ್ಲಿನ ಜನಕ್ಕೆ ಆ ದನಿ ಕೇಳಿದರೆ ಮನೆಯವರೇ ಕರೆದ ಹಾಗೆ" ಅಂತ ಗೋಗರೆದಿದ್ದರು. ಸಾಹೇಬರು ಒಪ್ಪಿ, ಇವತ್ತು ಮಧ್ಯಾಹ್ನ ಬಂದು ಕೇಳ್ತೀನಿ ಅಂದಿದ್ದರು. ಕೇಳಿ ಮೆಚ್ಚಿದರೆ ಮೈಕಣ್ಣ ಮೈಕಿನ ಮುಂದೆ. ಇಲ್ಲದಿದ್ದರೆ ಲಗೇಜು ಕೋಣೆಯಲ್ಲಿ, ಪೆಟ್ಟಿಗೆಗಳ ನಡುವೆ.

ಇನ್ನು ಲ್ಯಾಪ್‌ಟಾಪಿನ ಕತೆ. ಅದು ಮೇಷ್ಟ್ರು ಕೊಟ್ಟಿದ್ದ ಹಳೇದು, ಅದರಲ್ಲಿ ಹಾಕಿದ್ದು ಲಿನಕ್ಸು. ಮೇಷ್ಟ್ರಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿ ಹೊರಟಾಗ ಅದನ್ನು ನೋಡಿಕೊಳ್ಳೋದು ಟೈಲರಮ್ಮನ ತಲೆಗೆ ಬಂತು. ಅವರು ಹೇಳಿಕೊಟ್ಟದ್ದನ್ನು ಅವಳು ತನ್ನ ಭಾಷೆಗೆ ತಿರುಗಿಸಿಕೊಂಡಿದ್ದಳು. ಲಿನಕ್ಸಿಗೆ ಒಂದು ದೊಡ್ಡ ಉಗ್ರಾಣ ಇದೆ. ಅಲ್ಲಿಂದ ಬರೋದೆಲ್ಲ ಹೊಲಿದು ಮಡಿಸಿಟ್ಟ ಬಟ್ಟೆ, ತಂದು ತೊಟ್ಟರೆ ಆಯ್ತು, ಅದನ್ನು ತರೋದು ಪ್ಯಾಕೇಜ್ ಮ್ಯಾನೇಜರ್. ಆದರೆ ಮೈಕಣ್ಣನ ಮಾತಿನ ಪ್ರೋಗ್ರಾಮು ಉಗ್ರಾಣದಲ್ಲಿ ಇರಲಿಲ್ಲ. ಅದು ಸಿಗೋದು ಇನ್ನೊಂದು ಕಡೆ, ಯಾರ್ಯಾರೋ ಪುಣ್ಯಾತ್ಮರು ಅಳತೆ ಚೀಟಿ ಬರೆದಿಟ್ಟಿರೋ ಜಾಗದಲ್ಲಿ. ಬಟ್ಟೆ ಹೀಗೆ ಕತ್ತರಿಸು, ಹೀಗೆ ಹೊಲಿ, ಕೊನೆಗೆ ಈ ದಾರ ಕಿತ್ತು ಹಾಕು ಅಂತ ಚೀಟಿಯಲ್ಲಿರತ್ತೆ, ಹೊಲಿಗೆ ನಮ್ಮ ಯಂತ್ರದ್ದೇ. ಚೀಟಿ ತಂದು ಹೊಲಿಸಿಕೊಡೋಕೆ ಒಬ್ಬ ಸಹಾಯಕ ಬೇಕು. ಅಂಥ ಸಹಾಯಕ ಪ್ರೋಗ್ರಾಮುಗಳು ಹತ್ತಾರಿವೆಯಂತೆ. ಆ ಮನೆಯಲ್ಲಿ ಎರಡಿದ್ದವು, ಎರಡು ಪಕ್ಷದ ಹಾಗೆ.

ತಂಗಿಯ ಪಕ್ಷದ್ದಕ್ಕೆ ಮೈಕಣ್ಣ ಸೋದರತ್ತೆ ಅಂತ ಹೆಸರಿಟ್ಟಿದ್ದ. ಪ್ರತಿಯೊಂದಕ್ಕೂ ಪ್ರಶ್ನೆ. ಚೀಟಿ ತಂದಿದ್ದೀನಿ, ನೋಡ್ತೀಯಾ? ಹೋದ ಸಲದ ಚೀಟಿಗೂ ಇದಕ್ಕೂ ಇಷ್ಟು ವ್ಯತ್ಯಾಸ, ಹೊಸ ಸಾಲು ಹಸಿರು, ತೆಗೆದ ಸಾಲು ಕೆಂಪು, ಓದಿದ್ಯಾ? ಮುಂದುವರಿಯಲಾ? ನಿಜವಾಗಿ ಮುಂದುವರಿಯಲಾ? ಅಣ್ಣನ ಪಕ್ಷದ್ದು ಹೂಂಹೂಂ. ಅದೂ ಮೂಲದಲ್ಲಿ ಕೇಳುವಂಥದ್ದೇ ಅಂತೆ, ಆದರೆ ಮೈಕಣ್ಣ ಎಲ್ಲಿಯೋ ಹುಡುಕಿ, ಎಲ್ಲಾ ಪ್ರಶ್ನೆಗೂ ತಾನೇ ಹೂಂ ಅಂದುಕೊಂಡು ಸಾಗೋ ಹಾಗೆ ಮಾಡಿಟ್ಟಿದ್ದ. "ಜೀವಮಾನವೆಲ್ಲ ಒಂದೇ ಉಸಿರಿಗೆ ಬಸ್ ಕೂಗಿದವನು ನಾನು. ನಿನ್ನ ಅತ್ತೆ ಜೊತೆ ಹರಟೆ ಹೊಡೀತಾ ಕೂರೋಕೆ ನಂಗೆ ಪುರುಸೊತ್ತಿಲ್ಲ" ಅಂತ ತನ್ನದೇ ದನಿಯಲ್ಲಿ ಕಿಚಾಯಿಸುತ್ತಿದ್ದ. ಯಾವುದನ್ನು ಇಟ್ಟುಕೊಳ್ಳೋದು, ಯಾವುದನ್ನು ತೆಗೆಯೋದು ಅಂತ ಊಟದ ಹೊತ್ತಿನಲ್ಲೆಲ್ಲ ಜಗಳ. ಮೇಷ್ಟ್ರನ್ನು ಫೋನಿನಲ್ಲಿ ಕೇಳಿದರೆ, "ಎರಡೂ ಮಾಡೋದು ಒಂದೇ ಕೆಲಸ ಕಣಮ್ಮ" ಅಂತ ನಕ್ಕುಬಿಟ್ಟಿದ್ದರು. ಆ ಉತ್ತರ ಇಬ್ಬರಿಗೂ ರುಚಿಸಿರಲಿಲ್ಲ.

ಅವತ್ತು ಬೆಳಿಗ್ಗೆ ನೋಡಿದರೆ, ಹಿಂದಿನ ದಿನ ಹೂಂಹೂಂ ಉಗ್ರಾಣದ ಸಾಮಾನೆಲ್ಲ ಹೊಸದು ತಂದು ತುಂಬಿತ್ತು. ಚೀಟಿಯ ಕೆಲಸಕ್ಕೆ ಕೈ ಹಚ್ಚುವ ಮೊದಲೇ ಮೈಕಣ್ಣ ಮುಚ್ಚಳ ಮುಚ್ಚಿದ್ದ. ಮಾತಿನ ಪ್ರೋಗ್ರಾಮು ಹಳೇ ಸಾಮಾನಿಗೆ ಹೊಂದಿಕೊಂಡಿದ್ದು.

"ಗುಂಡಿ ಹೊಸದು, ಕಾಜಾ ಹಳೇದು. ಎಲ್ಲಿ ಹಿಡಿಯತ್ತೆ?" ಅಂದಳು ಟೈಲರಮ್ಮ. "ಪ್ರೋಗ್ರಾಮನ್ನ ಮತ್ತೆ ಹೊಲೀಬೇಕು ಅಷ್ಟೇ. ನಿನ್ನ ದನಿ ಫೈಲು ಅದರ ಜಾಗದಲ್ಲಿದೆ. ಇಲ್ಲೇ ಇದೆ ನೋಡು, ಬೆದರಬೇಡ."

ನಿಜಕ್ಕೂ ಇತ್ತು. ಬೆರಳಿಟ್ಟು ತೋರಿಸಿದಳು. ಅವನ ಮುಖಕ್ಕೆ ಸ್ವಲ್ಪ ಕಳೆ ಬಂತು.

ಸ್ಲೇಟಿನಲ್ಲಿ ಬರೆದ: "ಹೂಂಹೂಂಗೆ ಹೇಳು. ಬೇಗ ಆಗತ್ತೆ."

ಅಲ್ಲಿಗೆ ಅವಳ ಪಿತ್ತ ನೆತ್ತಿಗೇರಿತು. "ಇಷ್ಟಾದ ಮೇಲೂ ಹೂಂಹೂಂ ಅಂತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ? ಅದೇ ತಾನೆ ಈ ಅವಾಂತರ ಮಾಡಿದ್ದು?" ಅಂತ ಕುರ್ಚಿ ಎಳೆದು ಕೂತಳು. ಸೋದರತ್ತೆಯನ್ನು ಕರೆದಳು. ಅವಳ ಬೆರಳು ಅಲ್ಲಿ ಓಡೋದು ನೋಡಬೇಕು, ಪ್ರಶ್ನೆ ಬರೋದೇ ತಡ ಟಕ್ ಅಂತ ಉತ್ತರ. ದಿನಾ ಮಾಡಿದ ಕೈ.

ಬಾಯಿ ಮಾತ್ರ ಅಣ್ಣನ ಕಡೆಗಿತ್ತು. "ಒಂದು ಸಲ, ಒಂದೇ ಒಂದು ಸಲ ಪರದೆ ಮೇಲೆ ಏನು ಬರೆದಿದೆ ಅಂತ ಓದಿದ್ದೀಯಾ ನೀನು?" ಟಕ್. "ಚೀಟಿ ಬರೆಯೋರು ಯಾರೋ, ಯಾವ ದೇಶದಲ್ಲಿ ಕೂತು ಬರೀತಾರೋ, ನಂಬಿ ಬಾಯಿ ತೆರೆದುಬಿಡೋದಾ?" ಟಕ್. "ಔಷಧಿ ಚೀಟಿನೂ ಓದಲ್ಲ, ಬಸ್ಸಿನ ಪಟ್ಟಿನೂ ಓದಲ್ಲ. ಎಲ್ಲಾ ಬಾಯಿಪಾಠ ಇದೆ ಅನ್ನೋ ಜಂಭ!" ಟಕ್. "ಓದಬೇಕು ಕಣಣ್ಣ. ಕಣ್ಣಿರೋದು ಯಾಕೆ? ಒಂದೊಂದು ಸಾಲೂ ಓದಬೇಕು!" ಟಕ್.

ಹೊಲಿಗೆ ಶುರುವಾಯಿತು. ಪರದೆಯ ತುಂಬ ಸಾಲುಗಳು ಮೇಲಕ್ಕೆ ಹರಿದುಹೋಗತೊಡಗಿದವು. ಮೈಕಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೂಟು ಹಾಕಿ, ಗಂಟಲಿನ ಮೇಲಿನ ರಂಧ್ರಕ್ಕೆ ಬಿಳಿಯ ಬಟ್ಟೆ ಕಟ್ಟಿಕೊಂಡು ಬಂದು ಪಕ್ಕದಲ್ಲಿ ನಿಂತ. ಪ್ಯಾಂಟು ಹಿಡಿದುಕೊಂಡು ಬಂದ ಗಿರಾಕಿಯೊಬ್ಬನನ್ನು ಟೈಲರಮ್ಮ ಕಣ್ಣೆತ್ತಿಯೂ ನೋಡದೆ "ನಾಳೆ ಬನ್ನಿ" ಅಂದಳು. ಅವನು ಎರಡನೇ ಮಾತಾಡದೆ ಹೋದ. ಕೊನೆಗೂ ಸಾಲುಗಳು ನಿಂತವು. ಮುಗಿಯಿತು ಅಂತ ಬಂತು.

ಪ್ರೋಗ್ರಾಮು ತೆರೆಯಿತು. ಮೈಕಣ್ಣ ನಿಂತುಕೊಂಡೇ ಬಗ್ಗಿ ಟೈಪ್ ಮಾಡಿದ: "ಸದ್ಯ, ಬದುಕಿದೆ."

ಮಾತಾಡಿದ್ದು ಯಾರೋ. ಸಪ್ಪೆ ದನಿ, ಒಂದೊಂದು ಅಕ್ಷರವನ್ನೂ ಬೇರೆ ಬೇರೆ ತಟ್ಟೆಯಲ್ಲಿಟ್ಟು ಬಡಿಸಿದ ಹಾಗೆ. ಅವನು ಬೆಚ್ಚಿ ತಂಗಿಯ ಮುಖ ನೋಡಿದ. "ಇರು, ದನಿ ಬದಲಾಗಿರಬೇಕು, ಪಟ್ಟಿಯಲ್ಲಿ ನಿನ್ನದು ಆರಿಸ್ತೀನಿ," ಅಂತ ಪಟ್ಟಿ ತೆರೆದಳು. ಪಟ್ಟಿಯಲ್ಲಿ ಇದ್ದದ್ದು ಒಂದೇ ದನಿ, ಆ ಯಾರದೋ ದನಿ. ಫೋಲ್ಡರಿಗೆ ಹೋದಳು. ಈಗಷ್ಟೇ ಬೆರಳಿಟ್ಟು ತೋರಿಸಿದ್ದ ಜಾಗ ಖಾಲಿ. ಕಸದ ಬುಟ್ಟಿ ನೋಡಿದಳು, ಹೆಸರು ಹಾಕಿ ಹುಡುಕಿದಳು, ಮತ್ತೆ ಹುಡುಕಿದಳು. ಎಲ್ಲೂ ಇಲ್ಲ.

ಮೈಕಣ್ಣ ಸ್ಲೇಟು ಹಿಡಿದ. ಬರೆದ: "ನಾನು ಅರ್ಧಕ್ಕೆ ಮುಚ್ಚಿದ್ದಕ್ಕಾ?"

"ಇರು, ನೋಡ್ತೀನಿ," ಅಂದಳು ಟೈಲರಮ್ಮ. ಅವನು ನೀರು ಕುಡಿಯೋಕೆ ಒಳಗೆ ಹೋದಾಗ ಪರದೆಯನ್ನು ಹಿಂದಕ್ಕೆ ಸರಿಸಿದಳು. ಹರಿದುಹೋದ ಸಾಲುಗಳೆಲ್ಲ ಕೆಳಕ್ಕಿಳಿದು ಬಂದವು. ಸೋದರತ್ತೆ ಚೀಟಿ ತೋರಿಸಿದ್ದ ಜಾಗದಲ್ಲಿ ಅವಳ ಕಣ್ಣು ನಿಂತಿತು. ಹಳೇ ಪುಣ್ಯಾತ್ಮ ಕೈಬಿಟ್ಟು ಹೋಗಿ, ಚೀಟಿ ಬರೆಯುವವರು ಈಗ ಬೇರೆ ಯಾರೋ ಆಗಿದ್ದರು. ದನಿಗಳ ಹಳೇ ನಮೂನೆ ಇನ್ನು ನಡೆಯೋದಿಲ್ಲ ಅಂತ ಬರೆದಿದ್ದರು. ಅದರ ಕೆಳಗೆ ಹಸಿರು ಬಣ್ಣದಲ್ಲಿ, ಮುಂದೆ ಕೂಡಿಸೋ ಗುರುತು ಹಾಕಿದ ಒಂದು ಹೊಸ ಸಾಲು: ಹೊಲಿಗೆ ಮುಗಿದ ಮೇಲೆ ದನಿಗಳ ಫೋಲ್ಡರಿನಲ್ಲಿ ಇರೋದನ್ನೆಲ್ಲ ಅಳಿಸು. ಕಳ್ಳತನ ಏನಿಲ್ಲ, ಮುಚ್ಚುಮರೆ ಇಲ್ಲ. ಆ ಫೋಲ್ಡರಿನಲ್ಲಿ ಯಾರೋ ತಮ್ಮ ಅಣ್ಣನ ಗಂಟಲನ್ನು ಇಟ್ಟುಕೊಂಡಿರಬಹುದು ಅಂತ ಆ ಮಹಾರಾಯನಿಗೆ ಹೇಗೆ ಗೊತ್ತಿರಬೇಕು?

ಅದರ ಕೆಳಗೆ ಸೋದರತ್ತೆಯ ಪ್ರಶ್ನೆ. ಈ ಬದಲಾವಣೆ ನೋಡಿದ್ಯಾ, ಮುಂದುವರಿಯಲಾ? ಅದರ ಮುಂದೆ ಟೈಲರಮ್ಮನ ಹೂಂ. ಒಂದೊಂದು ಸಾಲೂ ಓದಬೇಕು ಅಂತ ಅಣ್ಣನಿಗೆ ಬೈಯುತ್ತಾ ಒತ್ತಿದ್ದಲ್ಲ, ಅದೇ ಹೂಂ.

ಒಂದು ಮಾತು ಹೇಳ್ತೀನಿ, ಅವಳ ಪರವಾಗಿ. ಸೋದರತ್ತೆಯನ್ನು ಆರಿಸಿಕೊಂಡ ಮೊದಮೊದಲು ಅವಳು ನಿಜವಾಗಿಯೂ ಓದುತ್ತಿದ್ದಳು. ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು, ಅರ್ಥವಾಗದ್ದನ್ನು ಮೇಷ್ಟ್ರಿಗೆ ಫೋನು ಮಾಡಿ ಕೇಳಿ. ಆದರೆ ದಿನಾ ಅದೇ ಪ್ರಶ್ನೆ, ದಿನಾ ಏನೂ ಆಗೋದಿಲ್ಲ. ಕೇಳುವವಳು ಇದ್ದಾಳಲ್ಲ ಅನ್ನೋ ಧೈರ್ಯದಲ್ಲೇ ಕಣ್ಣು ಮೈಗಳ್ಳತನ ಕಲಿಯಿತು, ಬೆರಳು ಚುರುಕಾಯಿತು. ಕೊನೆಕೊನೆಗೆ ಸೋದರತ್ತೆಗೂ ಹೂಂಹೂಂಗೂ ವ್ಯತ್ಯಾಸ ಉಳಿದದ್ದು ಟಕ್ ಅನ್ನೋ ಸದ್ದಿನಲ್ಲಿ ಮಾತ್ರ. ಇದು ಅವಳಿಗೆ ಆ ಕ್ಷಣ ಗೊತ್ತಾಯಿತು.

ಫೋನು ಎತ್ತಿಕೊಂಡು ಹಿತ್ತಲಿಗೆ ಓಡಿದಳು. ಮೇಷ್ಟ್ರು ಪಾಠದ ನಡುವೆ ಇದ್ದರೂ ಎತ್ತಿದರು. ದನಿ ಫೈಲು ಅಳಿಸಿಹೋದದ್ದನ್ನು ಹೇಳಿದಳು.

"ಬೇರೆ ಕಡೆ ಒಂದು ಪ್ರತಿ ಇಟ್ಕೊಳ್ಳಿ ಅಂದಿದ್ದೆನಲ್ಲಮ್ಮಾ?"

"ಅಣ್ಣ ಇಟ್ಟಿರ್ತಾನೆ ಅಂದ್ಕೊಂಡಿದ್ದೆ. ಅವನು ನಾನಿಟ್ಟಿರ್ತೀನಿ ಅಂದ್ಕೊಂಡಿದ್ದ. ನಿಮ್ಮ ಹತ್ರ ಇಲ್ವಾ ಮೇಷ್ಟ್ರೇ? ಆ ರೆಕಾರ್ಡು ಮಾಡಿದ್ದು?"

"ಅದೆಲ್ಲ ಹಳೇ ಕಾಲೇಜಿನ ಕಂಪ್ಯೂಟರಿನಲ್ಲಿತ್ತು. ನಾನು ಬಿಟ್ಟು ಬಂದ ಮೇಲೆ ಅದನ್ನ ಗುಡಿಸಿ ಬೇರೆಯವರಿಗೆ ಕೊಟ್ಟಿದ್ದಾರೆ."

"ಅಳಿಸಿಹೋಗಿದ್ದನ್ನ ತೆಗೆಯೋಕೆ ಆಗಲ್ವಾ? ಏನಾದ್ರೂ ಹೇಳಿ ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ."

"ನಾನೇ ಅದಕ್ಕೆ ಹಾಕಿಸಿದ ಹೊಸ ನಮೂನೆ ಡಿಸ್ಕು, ಅಳಿಸಿದ್ದನ್ನ ಹಿಡಿದಿಟ್ಕೊಳ್ಳಲ್ಲಮ್ಮ. ಹೋಯ್ತು ಅಂದ್ರೆ ಹೋಯ್ತು." ಅವರ ದನಿಯೂ ಬಿದ್ದುಹೋಗಿತ್ತು. "ಬೇಜಾರು ಮಾಡ್ಕೋಬೇಡ. ಯಾರು ಮಾಡಿದ್ದು?"

ಅವಳು ಫೋನು ಕಟ್ ಮಾಡಿದಳು. ಹಿತ್ತಲಿನ ತೊಟ್ಟಿಯ ಅಂಚಿಗೆ ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಗಂಟಲು ತೆಗೆದುಹಾಕಿದ ಡಾಕ್ಟರ ಕೈಯಲ್ಲಿ ಅವನ ದನಿ ಹೋಗಿರಲಿಲ್ಲ. ಹೋದದ್ದು ತನ್ನ ಕೈಯಲ್ಲಿ. ಒಳಗೆ ಹೋಗಿ ಹೇಳಿಬಿಡಬೇಕು, ಈಗಲೇ, ಅಂತ ಎದ್ದಳು.

ಅಂಗಡಿಗೆ ಬಂದರೆ ಮೈಕಣ್ಣ ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಅವಳನ್ನು ನೋಡಿ ಮುಚ್ಚಳ ಮುಚ್ಚಿದ. ಎದ್ದು ಚೀಲಕ್ಕೆ ಹಾಕಿಕೊಂಡ. ಸ್ಲೇಟಿನಲ್ಲಿ ಆಗಲೇ ಬರೆದಿಟ್ಟಿದ್ದ: "ನಾನು ನಿನ್ನೆ ಅವಸರ ಮಾಡಿದ್ದೇ ತಪ್ಪು. ಆಗಿದ್ದಾಯ್ತು. ನಡಿ, ಹೊತ್ತಾಯ್ತು."

"ಅಣ್ಣ, ಅದು..." ಅಂದಳು. ಅವನು ಕೈ ಅಡ್ಡ ಮಾಡಿ ಬಾಗಿಲ ಕಡೆ ತೋರಿಸಿದ. ಅವಳ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತು. ಇಡೀ ಬೀದಿಗೆ ಬುದ್ಧಿ ಹೇಳೋ ನಾಲಿಗೆ! ಅಂಗಡಿಗೆ ಬೀಗ ಹಾಕಿ ಹಿಂದೆ ಹೊರಟಳು.

ಬಸ್ ನಿಲ್ದಾಣದ ಅನೌನ್ಸ್‌ಮೆಂಟ್ ಕೋಣೆ ಮೆಟ್ಟಿಲ ಮೇಲಿತ್ತು. ಮೂರು ಕಡೆ ಗಾಜು, ಕೆಳಗೆ ಸಾಲಾಗಿ ನಿಂತ ಬಸ್ಸುಗಳು, ಮೇಜಿನ ಮೇಲೆ ಕತ್ತು ಬಗ್ಗಿಸಿದ ಮೈಕು. ಸಾಹೇಬರು ಆಗಲೇ ಬಂದು ಕೂತಿದ್ದರು. ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ, ಬಿಸಿಲಿನಲ್ಲಿ ಬಂದ ಸುಸ್ತು ಮಾತ್ರ ಇತ್ತು. ಮ್ಯಾನೇಜರು ಮದುವೆ ಮನೆಯ ಯಜಮಾನನ ಹಾಗೆ ಓಡಾಡುತ್ತಿದ್ದರು. "ಬಾರಪ್ಪಾ ಬಾ, ನಿನಗೇ ಕಾಯ್ತಿದ್ವಿ. ಸರ್, ಕಣ್ಣು ಮುಚ್ಕೊಂಡು ಕೇಳಿ ನೀವು."

ಮೈಕಣ್ಣ ಲ್ಯಾಪ್‌ಟಾಪು ತೆರೆದು, ಮೈಕಿಗೆ ಹೊಂದಿಸಿ, ಕೆಳಗೆ ಬಂದು ನಿಂತ ಬಸ್ಸನ್ನು ಒಮ್ಮೆ ನೋಡಿದ. ಟೈಪ್ ಮಾಡಿದ. ಆ ಸಪ್ಪೆ ದನಿ ನಿಲ್ದಾಣದ ಎಲ್ಲಾ ಗಂಟೆಬಾಯಿ ಸ್ಪೀಕರುಗಳಿಂದಲೂ ಹೊರಬಿತ್ತು. ಕೆಳಗೆ ಹಣ್ಣು ಮಾರುವವಳು ತಲೆಯೆತ್ತಿ ಗಾಜಿನ ಕಡೆ ನೋಡಿದಳು. ಡ್ರೈವರೊಬ್ಬ ಬಸ್ಸಿನಿಂದ ಅರ್ಧ ಇಳಿದು ಅಲ್ಲೇ ನಿಂತ. ಬೇರೆ ಯಾರೂ ತಿರುಗಿಯೂ ನೋಡಲಿಲ್ಲ.

ಸಾಹೇಬರು ಕಣ್ಣು ಬಿಟ್ಟರು. "ಇದಾ ಅವರ ದನಿ?"

ಮ್ಯಾನೇಜರು ಗಡಿಬಿಡಿಯಿಂದ ಮೈಕಣ್ಣನ ಕಡೆ ತಿರುಗಿದರು. "ಅಲ್ಲ ಸರ್... ಏನಾಯ್ತೋ? ಇದಲ್ವಲ್ಲೋ ನಿನ್ನ ದನಿ?"

ಮೈಕಣ್ಣ ಮೈಕು ಆರಿಸಿ, ಮತ್ತೆ ಟೈಪ್ ಮಾಡಿದ. ಆ ಯಾರೋ ಅವನ ಪರವಾಗಿ ಹೇಳಿದ: "ನನ್ನ ದನಿ ಇತ್ತು ಸರ್. ನಿನ್ನೆ ಅಪ್‌ಡೇಟ್ ಮಾಡುವಾಗ ನಾನೇ ಓದದೆ ಹೂಂ ಅಂದುಬಿಟ್ಟೆ. ಅಳಿಸಿಹೋಯ್ತು."

ಸಾಹೇಬರು ಬಾಗಿಲಲ್ಲಿ ನಿಂತವಳ ಕಡೆ ತಿರುಗಿದರು. "ಈ ಮೆಷಿನ್ ನೋಡ್ಕೊಳ್ಳೋದು ನೀವು ಅಂತ ಮ್ಯಾನೇಜರು ಹೇಳಿದ್ರು. ನಿಮಗೆ ಗೊತ್ತಾಗಲಿಲ್ವೇನಮ್ಮ?"

ಬಾಯಿ ತೆರೆದಳು. ಆಣೆ ಮಾಡಿ ಹೇಳ್ತೀನಿ, ಹೇಳೋಕೇ ತೆರೆದದ್ದು. ಅಷ್ಟರಲ್ಲಿ ಮೈಕಣ್ಣ ಮೇಜಿನ ಮೇಲೆ ಫಟ್ ಅಂತ ಅಂಗೈ ಬಡಿದ, ಎಲ್ಲರೂ ಅವನ ಕಡೆ ತಿರುಗಿದರು. "ಅವಳು ಇರಲೇ ಇಲ್ಲ ಸರ್. ಅವಳಿದ್ದಿದ್ದರೆ ಹೀಗಾಗ್ತಿರಲಿಲ್ಲ. ಅವಳು ಒಂದೊಂದು ಸಾಲೂ ಓದುವವಳು" ಅಂದಿತು ದನಿ. ಅಷ್ಟೇ ಸಪ್ಪೆಯಾಗಿ. ಟೈಲರಮ್ಮ ತೆರೆದ ಬಾಯಿ ಮುಚ್ಚಿದಳು. ಮುಚ್ಚಿದ್ದು ನಾಚಿಕೆಗೋ ಹೆದರಿಕೆಗೋ ಅವಳಿಗೇ ಗೊತ್ತಾಗಲಿಲ್ಲ, ಆದರೆ ತಪ್ಪಿಸಿಕೊಂಡೆ ಅಂತ ಒಳಗೊಳಗೇ ಒಂದು ಸಣ್ಣ ಸಮಾಧಾನ ಆಯಿತು, ಆ ಸಮಾಧಾನಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಸಾಹೇಬರು ಎದ್ದು ಮೈಕಣ್ಣನ ಹೆಗಲ ಮೇಲೆ ಕೈಯಿಟ್ಟರು. "ನೋಡಿ, ನಿಮ್ಮ ಕೆಲಸ ಎಲ್ಲೂ ಹೋಗಲ್ಲ. ಆದರೆ ಈ ದನಿಯೇ ಆದರೆ ನಮ್ಮ ಯಂತ್ರದಲ್ಲೂ ಇದೆ. ಇಲ್ಲಿ ನಿಮ್ಮನ್ನ ಕೂರಿಸಿ ಏನು ಮಾಡಲಿ, ನೀವೇ ಹೇಳಿ." ಮೈಕಣ್ಣ ತಲೆಯಾಡಿಸಿದ. ಮ್ಯಾನೇಜರು ಕಿಟಕಿಯ ಕಡೆ ತಿರುಗಿ ಕರ್ಚೀಫು ತೆಗೆದರು. ನಾಳೆಯಿಂದ ಲಗೇಜು ಕೋಣೆ ಅಂತ ಆಯಿತು.

ಮನೆಯವರೆಗೂ ಇಬ್ಬರೂ ನಡೆದೇ ಬಂದರು. ಬೀದಿಯಲ್ಲಿ ಯಾರೋ "ಏನ್ ಮೈಕಣ್ಣ, ಇವತ್ತು ಬೇಗ ಬಿಟ್ರಾ?" ಅಂದರು, ಅವನು ಕೈಯೆತ್ತಿ ನಕ್ಕ. ಟೈಲರಮ್ಮನಿಗೆ ಒಂದೊಂದು ಹೆಜ್ಜೆಯೂ ಭಾರ. ಅಂಗಡಿಯ ಬೀಗ ತೆಗೆಯೋಕೆ ಹೋದರೆ ಬೀಗದ ಕೈ ಬೀಗಕ್ಕೆ ಹೋಗದು. ಅವನೇ ಇಸಿದುಕೊಂಡು ತೆಗೆದ.

ಒಳಗೆ ಬಂದು ದೀಪ ಹಾಕಿದ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ತೆರೆದು ಕೂತ, ಏನೂ ಆಗಿಲ್ಲ ಅನ್ನೋ ಹಾಗೆ. ಅವಳು ನಿಂತೇ ಇದ್ದಳು.

"ಅಣ್ಣ, ನೀನು ಅಳಿಸಿದ್ದಲ್ಲ," ಅಂದಳು ಕೊನೆಗೆ. ಒಂದು ಸಲ ಬಾಯಿ ಬಿಟ್ಟಿದ್ದೇ ತಡ, ಕಟ್ಟೆ ಒಡೆಯಿತು. "ನಾನು. ನಿಂಗೆ ಬೈತಾ ಇದ್ದೆನಲ್ಲ, ಆವಾಗ. ಸೋದರತ್ತೆ ತೋರಿಸಿದ್ದಳು, ಹಸಿರಲ್ಲಿ ಬರೆದಿತ್ತು, ಕೇಳಿಯೇ ಕೇಳಿದ್ದಳು. ನಾನು ನೋಡಲೇ ಇಲ್ಲ. ಒತ್ತಿಬಿಟ್ಟೆ. ನೀನು ಎಲ್ಲರ ಮುಂದೆ ನಿನ್ನ ಮೇಲೆ ಹಾಕ್ಕೊಂಡೆ, ನಾನು ಕಲ್ಲಿನ ಹಾಗೆ ನಿಂತಿದ್ದೆ. ನಾನು ಇನ್ನು ಆ ಮೆಷಿನ್ ಮುಟ್ಟಲ್ಲ ಅಣ್ಣ. ಸೋದರತ್ತೆನೂ ಬೇಡ, ಹೂಂಹೂಂನೂ ಬೇಡ. ಬೇರೆ ಯಾರಿಗಾದ್ರೂ ಕೊಡು, ತಿಳಿದವರಿಗೆ. ನಾನು ಮುಟ್ಟಲ್ಲ."

ಮೈಕಣ್ಣ ಅವಳನ್ನು ನೋಡಿದ. ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಕೀಲಿಗಳ ಮೇಲೆ ಬೆರಳಿಟ್ಟ.

"ಗೊತ್ತು," ಅಂದಿತು ಆ ಸಪ್ಪೆ ದನಿ. "ನೀನು ಹಿತ್ತಲಲ್ಲಿ ಅಳ್ತಿದ್ದಾಗ ಓದಿದೆ. ಮೇಲಿಂದ ಕೆಳಗಿನ ತನಕ, ಒಂದು ಸಾಲೂ ಬಿಡದೆ."

ಅವಳು ಕುರ್ಚಿಯಲ್ಲಿ ಕೂತಳು. "ಗೊತ್ತಿದ್ದೂ ಯಾಕೆ ಹಾಗಂದೆ? ಯಾಕಣ್ಣ? ನನ್ನ ಮರ್ಯಾದೆ ಉಳಿಸೋಕಾ?"

ಅವನು ಟೈಪ್ ಮಾಡಿದ, ಅಳಿಸಿದ, ಮತ್ತೆ ಟೈಪ್ ಮಾಡಿದ. ಒತ್ತೋ ಮುಂಚೆ ಬರೆದದ್ದನ್ನು ಒಮ್ಮೆ ಓದಿಕೊಂಡ.

"ನಿನ್ನ ಮರ್ಯಾದೆ ಕಟ್ಕೊಂಡು ನಂಗೇನಾಗಬೇಕು? ನನ್ನ ಕೆಲಸ ಹೇಗೂ ಹೋಗ್ತಿತ್ತು. ಆ ಸಾಹೇಬರ ಮುಂದೆ ನಿನ್ನ ತಪ್ಪು ಅಂತ ಆಗಿದ್ದರೆ ನೀನು ಹೆದರಿ ಇದನ್ನ ಕೈಬಿಡ್ತೀಯ ಅಂತ ಗೊತ್ತಿತ್ತು. ಈಗ ಬಿಡ್ತೀನಿ ಅಂತಿದ್ದೀಯಲ್ಲ, ಹಾಗೆ. ನೀನು ಬಿಟ್ಟರೆ ನಾಳೆ ಇದು ಕೆಟ್ಟಾಗ ಯಾರಿಗೆ ಚಪ್ಪಾಳೆ ತಟ್ಟಲಿ? ನಂಗೆ ಈ ದರಿದ್ರ ದನಿನೂ ಇರಲ್ಲ ಕಣೇ."

ಟೈಲರಮ್ಮ ತುಂಬ ಹೊತ್ತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಆಮೇಲೆ ಮೂಗು ಒರೆಸಿಕೊಂಡು, ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು.

"ಬಿಡಲ್ಲ ಅಣ್ಣ," ಅಂದಳು.